ತಟ್ಟೆಗೆ ಬಿದ್ದ ಒಂಟಿ ಕುಕಿ

ಅದೇ ಗೆಳೆಯರೇ, ಒಬ್ಬನಿಗೆ ಒಂದೇ ಚಾಕೊಲೇಟ್ ಚಿಪ್ ಕುಕಿ ಸಾಕು ಎಂದು ಹೋದ ಸಲ ಬರೆದಿದ್ದೆನಲ್ಲ, ಇಂದು ಮಾಡಿಯೇಬಿಟ್ಟೆ. ಬೆಣ್ಣೆ ಬದಲು ನಮ್ಮ ತೋಟದ ಕೊಬ್ಬರಿ ಎಣ್ಣೆ, ಓವನ್ ಬದಲು ತಳಕ್ಕೆ ಉಪ್ಪು ಹಾಸಿದ ಕುಕ್ಕರು. ಪರ್ಫೆಕ್ಟ್ಲಿ ಬ್ರೌನ್! ತಟ್ಟೆಗೆ ಹಾಕುವಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮ ಹೆಪ್ಪು ಕೇಳಲು ಬಂದರು.

"ಒಂದೇನಾ? ತಟ್ಟೆಗೆ ಒಂಟಿ ಇಕ್ಕಬಾರ್ದು ಕಣಣ್ಣ."

ನನ್ನವಳೂ ಹೀಗೇ ಹೇಳುತ್ತಿದ್ದಳು. ಅವಳಿದ್ದಷ್ಟು ದಿನ ನನ್ನ ತಟ್ಟೆಗೆ ಒಂದೇ ದೋಸೆ ಬಿದ್ದದ್ದಿಲ್ಲ.

"ಇದು ಸಿಂಗಲ್ ಸರ್ವಿಂಗ್ ಕಣಮ್ಮ. ದಿಸ್ ಈಸ್ ದಿ ರೂಲ್."

"ಬುಡು, ಅದಕ್ಕೇನು" ಎಂದವರೇ ಕುಕಿಯನ್ನು ಎರಡಾಗಿ ಮುರಿದು, ದೊಡ್ಡ ಚೂರನ್ನು ಬಾಯಿಗೆ ಹಾಕಿಕೊಂಡರು. "ಚೆನ್ನಾಗೈತೆ!"

"ಈಗ ಮತ್ತೆ ಒಂದೇ ಉಳೀತಲ್ಲಮ್ಮ?"

"ಅದನ್ನೂ ಮುರ್ಕೊಳಣ್ಣ."

ಮುರಿದುಕೊಂಡೇ ತಿಂದೆ. ನನ್ನ ಅಳತೆಯೇನೂ ತಪ್ಪಿರಲಿಲ್ಲ, ಬಾಯಿಗಳ ಲೆಕ್ಕ ತಪ್ಪಿತ್ತು ಅಷ್ಟೇ. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ನಾಳೆ ಎರಡು ಕುಕಿಗೆ ಹಿಟ್ಟು ಕಲಸುತ್ತೇನೆ.