ಅಟ್ಟದ ಕೆಳಗಿನ ರ‍್ಯಾಕು

ನಮ್ಮ ಮಾವನವರ ಬಲ ಅಂಗೈಯ ಹೊರಅಂಚು ಸದಾ ಪೆನ್ಸಿಲ್ ಸೀಸದಿಂದ ಕಪ್ಪಗೆ ಮಿರುಗುತ್ತಿತ್ತು. ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದರೂ ಆ ಕಪ್ಪು ಹೋಗುತ್ತಿರಲಿಲ್ಲ. ಬಿಳಿ ಪಂಚೆಯ ಮೇಲೆಲ್ಲ ಅದರದೇ ಗುರುತು. "ಒಗೆಯೋಳು ನಾನು ಮಾವ, ನೀವಲ್ಲ" ಅಂತ ರೇಗಿದರೆ, "ನಿನ್ನ ಗಂಡನ್ನ ಓದಿಸಿದ್ದು ಇದೇ ಮಸಿ ಕಣಮ್ಮ, ಇರ್ಲಿ ಬುಡು" ಅನ್ನುತ್ತಿದ್ದರು.

ಅವರು ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೂ ದಬ್ಬೇಘಟ್ಟದ ಸುತ್ತ ಮನೆ ಕಟ್ಟಿಸುವವರು ನಮ್ಮ ಜಗಲಿಗೇ ಬರುತ್ತಿದ್ದರು. ಈಗ ಪ್ಲಾನೆಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ. ಮಾವ ಮಾತ್ರ ಮಂಚದಗಲದ ಹಾಳೆ ಹಾಸಿಕೊಂಡು ಅದರ ಮೇಲೆ ಬಗ್ಗಿ ಗೆರೆ ಎಳೆಯುವವರು. ಬರೆದದ್ದನ್ನೆಲ್ಲ ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದರು. ಒಂದು ಸುರುಳಿಯೊಳಗೆ ಇಲಿ ಮರಿ ಹಾಕಿದ್ದು ಕಂಡ ದಿನ ಅವರಿಗೆ ಅನ್ನ ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆಯೇ ರ‍್ಯಾಕು ಮಾಡಲು ಕೂತರು.

ಹಾಳೆಯ ಮೇಲಂಚನ್ನು ರೀಪರಿನ ಎರಡು ಮರದ ಪಟ್ಟಿಗಳ ನಡುವೆ ಬಿಗಿದು, ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ತೂಗುಹಾಕುವ ಮರದ ಚೌಕಟ್ಟು ಅದು. ಕೆಲಸ ಅಚ್ಚುಕಟ್ಟು, ಅದರಲ್ಲಿ ಮಾತಿಲ್ಲ. ಆದರೆ ಅದಕ್ಕೆ ಕಾಲು ಇಡಲು ಒಪ್ಪಲಿಲ್ಲ. "ನೆಲ ಮುಟ್ಟಿದ್ರೆ ಗೆದ್ದಲು ಹತ್ತತದೆ" ಅಂತ ಕೋಣೆಯ ಅಟ್ಟದ ತೊಲೆಗೇ ನೇತುಹಾಕಲು ನಿಂತರು. ಆ ಅಟ್ಟದ ತುಂಬ ಉಂಡೆ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ.

ತೊಲೆಗೆ ಬೈರಿಗೆ ಹಾಕಿ ತೂತು ಕೊರೆಯುವಾಗ ಸ್ಟೂಲು ಹಿಡಿದು ನಿಂತವಳು ನಾನೇ. ಮೊದಲೆರಡು ತೂತಿಗೆ ಅವರು ಬೆವೆತು ಹೋದರು. ಗೋಡೆ ಪಕ್ಕದ ತೂತು ಮಾತ್ರ ಬೆಣ್ಣೆಗೆ ಚಾಕು ಹಾಕಿದಷ್ಟು ಸಲೀಸಾಗಿ ಇಳಿಯಿತು. ಕೆಳಗೆ ಬಿದ್ದದ್ದು ಮರದ ಚಕ್ಕೆಯಲ್ಲ, ರಾಗಿ ಹಿಟ್ಟಿನಂಥ ಪುಡಿ. ಅದನ್ನು ಅಂಗೈಗೆ ಎತ್ತಿ ಅವರಿಗೆ ತೋರಿಸಿದೆ.

"ಮಾವ, ಕಾಯಿ ಇಳಿಸಿಬಿಡೋಣ."

ಅವರು ಅಟ್ಟ ಹತ್ತಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿದರು. "ಇನ್ನೂ ನೀರೈತೆ ಕಣಮ್ಮ. ನೀರು ಹಿಂಗೋಕೆ ಮುಂಚೆ ಅಟ್ಟದ ಕಾಯಿ ಕದಲಿಸಿದ್ರೆ ಕೊಬ್ಬರಿ ಕೊಳೀತದೆ. ಊರೋರು ನಗ್ತಾರೆ."

ನಮ್ಮ ಕಡೆ ಆ ಮಾತಿಗೆ ಎದುರು ಹೇಳುವವರಿಲ್ಲ. ಸಂಜೆ ತಿಪಟೂರಿನಿಂದ ಬಂದ ನಮ್ಮ ಮನೆಯವರೂ ಅಪ್ಪನ ಪಕ್ಷವೇ ಹಿಡಿದರು.

ರ‍್ಯಾಕು ಏರಿತು. ನಕ್ಷೆಗಳೆಲ್ಲ ಅದರಲ್ಲಿ ಸಾಲಾಗಿ ತೂಗಿದವು. ಗಾಳಿ ಇಲ್ಲದ ಮಧ್ಯಾಹ್ನವೂ ಒಂದೊಂದು ಸಲ ಹಾಳೆಗಳು ತಾವಾಗಿಯೇ ಅಲುಗುತ್ತಿದ್ದವು. ಸ್ವಲ್ಪ ದಿನಕ್ಕೆ ಕೋಣೆಯ ಬಾಗಿಲು ಹಿಡಿಯತೊಡಗಿತು. "ಮಳೆಗೆ ಮರ ಉಬ್ಬೈತೆ" ಅಂತ ಮಾವ ಉಳಿ ತಂದು ಬಾಗಿಲಿನ ಮೇಲಂಚು ಕೆತ್ತಿದರು. ಮತ್ತೆ ಹಿಡಿಯಿತು, ಮತ್ತೆ ಕೆತ್ತಿದರು. ಪಕ್ಕದ ಬಚ್ಚಲ ಬಾಗಿಲೂ ಅದೇ ಮರದ್ದು, ಅದೇಕೆ ಉಬ್ಬಲಿಲ್ಲ ಅಂತ ಕೇಳಿದೆ. ಅವರು ಉಳಿ ಒರೆಸಿ ಒಳಗಿಟ್ಟರು. ಅವತ್ತಿನಿಂದ ನನ್ನ ಮಗಳನ್ನು ಆ ಕೋಣೆಗೆ ಬಿಡುವುದನ್ನು ನಿಲ್ಲಿಸಿದರು. ಕಾಯಿ ಮಾತ್ರ ಇಳಿಸಲಿಲ್ಲ.

ಆ ಬೆಳಿಗ್ಗೆ ಹೊಸ ನಕ್ಷೆಯೊಂದನ್ನು ತೂಗುಹಾಕಲು ನನ್ನನ್ನು ಕರೆದರು. ನಾನು ಹಾಳೆಯ ಕೆಳತುದಿ ಹಿಡಿದಿದ್ದೆ. ಅದರ ಮೇಲೆ ಸಣ್ಣಗೆ ಪುಡಿ ಉದುರಿತು. ಮಾವ ಮೇಲೆ ನೋಡಿದರು. ಹಾಳೆ ಬಿಟ್ಟು, ಎರಡೂ ಕೈಯಲ್ಲಿ ರ‍್ಯಾಕನ್ನು ಕೆಳಗಿನಿಂದ ಎತ್ತಿ ಹಿಡಿದು ನಿಂತರು. ದನಿ ಎಂದಿನಂತೆಯೇ ಇತ್ತು.

"ಹಿತ್ತಲಲ್ಲಿ ಬಿದಿರ ಗಳ ಐತೆ, ತಗಂಬಾರಮ್ಮ. ತೊಲೆಗೆ ಆನಿಸಾನ. ಬೇಗ ಹೋಗು."

ಓಡಿದೆ. ಗಳಕ್ಕೆ ಹಿತ್ತಲೆಲ್ಲ ತಡಕುತ್ತಿದ್ದಾಗ ಒಳಗೆ ಸದ್ದಾಯಿತು. ಓಡಿಬಂದರೆ ಕೋಣೆಯ ಬಾಗಿಲಿನಿಂದ ಕಾಯಿಗಳು ಒಂದರ ಹಿಂದೊಂದು ಉರುಳುತ್ತ ನಡುಮನೆಗೆ ಬರುತ್ತಿದ್ದವು. ಕೇರಿಯವರೆಲ್ಲ ಸೇರಿ ಹೊರಗೆ ತೆಗೆಯುವ ಹೊತ್ತಿಗೆ ಮಾವ ಇರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಚಪ್ಪರ ಹಾಕಲು ಬಂದವರು ಗಳ ಕೇಳಿದರು. ಹಿತ್ತಲಲ್ಲಿದೆ, ನನಗೇ ಸಿಗಲಿಲ್ಲ ಅಂದೆ. ನಮ್ಮ ಮನೆಯವರು ನನ್ನ ಮುಖವನ್ನೇ ನೋಡಿದರು. "ಎಲ್ಲೈತೆ? ಹೋಗೋ ಹಿಂದಿನ ವಾರವೇ ಅಪ್ಪ ಅಷ್ಟನ್ನೂ ತೋಟಕ್ಕೆ ಹೊತ್ತು ಹಾಕಿಸಿದ್ರಲ್ಲ, ಮುಂದೆ ನಿಂತು."

"ಬೇಗ ಹೋಗು" ಅಂತ ನನ್ನನ್ನು ಆ ಕೋಣೆಯಿಂದ ಹೊರಗೆ ಕಳಿಸಿದ್ದರು. ಮಾವನಿಗೆ ಮರೆವು ಅನ್ನುವುದೇ ಇರಲಿಲ್ಲ.