ಗಿರಿಜಕ್ಕನಿಗೆ ನಾನು ಹೇಳಿದ ಸತ್ಯ

ಗಿರಿಜಕ್ಕ, ನಿಮ್ಮ ಮಾತ್ರೆಯಲ್ಲಿ ಮದ್ದೇ ಇರಲಿಲ್ಲವೆಂದು ಅಂದು ನಾನು ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಹೊಟ್ಟೆಕಿಚ್ಚಿನಿಂದ. ಪಾದ್ರಿಗಳ ಮುಂದೆ ಮೊಣಕಾಲೂರಿದಾಗಲೂ ನಾನಿದನ್ನು ಹೀಗೆ ಒಪ್ಪಿಕೊಂಡಿಲ್ಲ — ಸುಳ್ಳು ಹೇಳಲಾರದೆ ನಿಜ ಹೇಳಿಬಿಟ್ಟೆ ಎಂದಷ್ಟೇ...

ಅರುವತ್ತರ ದಶಕದ ಆರಂಭ. ಬಲ್ಮಠದ ಡಾಕ್ಟರರೊಬ್ಬರ ಕ್ಲಿನಿಕ್ಕಿನಲ್ಲಿ ನಾನು ನರ್ಸ್; ಕ್ರೈಸ್ತಳಾದ್ದರಿಂದ ಎಲ್ಲರಿಗೂ ‘ಬಾಯಮ್ಮ’. ನಿಮ್ಮ ಗಂಡ ನಿಮ್ಮನ್ನು ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ಕರೆತಂದಾಗ ನೀವು ಮೀನಿನ ಬುಟ್ಟಿ ಹೊರದೆ ನಾಲ್ಕು ತಿಂಗಳಾಗಿತ್ತು. ಊಟ ಬೇಡ, ಮಾತು ಬೇಡ. "ಎಂತ ಅಂತ ಗೊತ್ತಿಲ್ಲ ಬಾಯಮ್ಮ, ಎದೆ ಮೇಲೆ ಯಾರೋ ಕೂತ ಹಾಗೆ ಉಂಟು," ಎಂದಿರಿ. ಮನೆಯವರು ಅದನ್ನು ನಾಟಕ ಎನ್ನುತ್ತಿದ್ದರು.

ಅದು ಮನಸ್ಸಿನ ಕಾಯಿಲೆ; ಅದಕ್ಕೆ ಕೊಡುವ ಮದ್ದು ಡಾಕ್ಟರರ ಬಳಿ ಆಗ ಇರಲಿಲ್ಲ. ಸಕ್ಕರೆಯ ಬಿಳಿ ಮಾತ್ರೆ ಕೊಟ್ಟು, ಒಳ್ಳೆಯ ಮದ್ದು ಎಂದರು. ಪ್ರತಿ ಮಂಗಳವಾರ, ನಿಮ್ಮ ಸರದಿ ಬರುವ ತನಕ, ನಾನು ಪಕ್ಕದಲ್ಲಿ ಕುಳಿತು ಮಾತಾಡಿಸುತ್ತಿದ್ದೆ. ಮೊದಮೊದಲು ಬರೇ ಅಳುತ್ತಿದ್ದಿರಿ. ಒಂದು ದಿನ ಅತ್ತೆಯ ಗೊರಕೆ ಹೇಗೆಂದು ಮಾಡಿ ತೋರಿಸಿದಿರಿ. ಮೂರನೆಯ ತಿಂಗಳು ಬುಟ್ಟಿ ಹೊತ್ತುಕೊಂಡೇ ಬಂದಿರಿ.

"ಡಾಕ್ಟರ್ರ ಕೈಗುಣ ಬಾಯಮ್ಮ! ಆ ಮಾತ್ರೆ ಇಲ್ಲದಿದ್ರೆ ನಾನೇ ಇಲ್ಲ!"

ಡಾಕ್ಟರು, ಮಾತ್ರೆ. ನನ್ನ ಹೆಸರು ಬರಲೇ ಇಲ್ಲ — ಅಷ್ಟೆಲ್ಲ ಕೂತು ಮಾತಾಡಿಸಿದ್ದೆನಲ್ಲ... ಬಾಯಿಬಿಟ್ಟೆ.

"ಅದು ಬರೀ ಸಕ್ಕರೆ ಗಿರಿಜಕ್ಕ. ಮದ್ದೇ ಅಲ್ಲ."

ನೀವು ನಕ್ಕು ನನ್ನ ಕೈ ಹಿಡಿಯುತ್ತೀರಿ ಎಂದುಕೊಂಡಿದ್ದೆ. ನಿಮ್ಮ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ನನಗೆ ಕಾಯಿಲೆಯೇ ಇರ್ಲಿಲ್ವಾ? ಮನೆಯವ್ರು ನಾಟಕ ಅಂದದ್ದೇ ಸರಿಯಾ?"

ಇತ್ತು, ನಿಜವಾಗಿಯೂ ಇತ್ತು ಎಂದೆ. ಎಷ್ಟು ಸಲ ಹೇಳಿದರೂ ನಿಮ್ಮ ಕಿವಿಗೆ ಹೋಗಲಿಲ್ಲ.

ಮುಂದಿನ ಮಂಗಳವಾರ ನೀವು ಬರಲಿಲ್ಲ. ಮತ್ತೆ ಹಾಸಿಗೆ ಹಿಡಿದಿರಿ. ಮರುವರ್ಷ ಬೊಂಬಾಯಿಯಿಂದ ನಿಜವಾದ ಮದ್ದು ಬಂತು. ಅದನ್ನು ಹಿಡಿದುಕೊಂಡು ಮೂರು ಸಲ ನಿಮ್ಮ ಮನೆಗೆ ಬಂದೆ. ಗೋಡೆಯತ್ತ ಮುಖ ಮಾಡಿ ಮಲಗಿದ್ದ ನೀವು ಕೇಳಿದ್ದು ಒಂದೇ ಮಾತು — "ಇದೂ ಸಕ್ಕರೆಯಾ?" ಕೊರಳಿನ ಶಿಲುಬೆ ಮುಟ್ಟಿ ಆಣೆ ಮಾಡಿದೆ. ನೀವು ಮಾತ್ರೆಗೆ ಬಾಯಿ ತೆರೆಯಲಿಲ್ಲ. ಮೂರನೆಯ ಸಲ ನಿಮ್ಮ ಗಂಡ ಬಾಗಿಲಿಗೆ ಅಡ್ಡ ನಿಂತರು. "ಇನ್ನು ಬರ್ಬೇಡಿ ಬಾಯಮ್ಮ. ನೀವು ಬಂದು ಹೋದ ದಿನ ಅವಳು ನೀರು ಸಹ ಕುಡಿಯುದಿಲ್ಲ."

ಹೋಗಲಿಲ್ಲ. ಎರಡು ವರ್ಷ ಹಾಗೆಯೇ ಮಲಗಿದ್ದು ನೀವು ತೀರಿಹೋದಿರಿ. ಸುದ್ದಿ ತಿಳಿದರೂ ದೋಣಿ ಹತ್ತುವ ಧೈರ್ಯ ನನಗೆ ಬರಲಿಲ್ಲ.

ನಿಮಗೆ ಗುಣವಾಗಿತ್ತು, ಗಿರಿಜಕ್ಕ. ನನಗೆ ಅಷ್ಟು ಸಾಲಲಿಲ್ಲ.