ವೈಮಾನಿಕನ ಕೋಟಿನಲ್ಲಿ ಮೀನಿನ ಗಾಳ

ಕಳೆದ ಶನಿವಾರ ಸಂಜೆ ಮಾದಿಹಳ್ಳಿಯಲ್ಲಿ ಒಂದು ಮರುಭೂಮಿ ನೋಡನೋಡುತ್ತಿದ್ದಂತೆ ಅರಮನೆಯಾಯಿತು. ಅದಕ್ಕೆ ಕಾರಣ ನಾನು. ಇನ್ನೂ ಖಚಿತವಾಗಿ ಹೇಳುವುದಾದರೆ, ಸತ್ಯದ ಮೇಲೆ ನನಗಿರುವ ಪ್ರೀತಿ.

ಈ ಅಂಕಣದ ಓದುಗರಿಗೆ ನನ್ನ ವಾದ ಹೊಸದಲ್ಲ. ನಮ್ಮ ಊರುಗಳ ರಂಗಭೂಮಿ ಕಿರೀಟ, ಗದೆ, ಜರತಾರಿಗಳಿಂದ ಬಿಡುಗಡೆ ಹೊಂದಬೇಕು. ರಂಗದ ಮೇಲೆ ನಮ್ಮ ಕಾಲದ ಮನುಷ್ಯ ನಿಲ್ಲಬೇಕು. ನಿಜವಾದ ಬಟ್ಟೆ ತೊಟ್ಟು ನಿಲ್ಲಬೇಕು. (ಕಾಲೇಜಿನ ಚರ್ಚಾಕೂಟದಲ್ಲಿ ಇದೇ ವಿಷಯಕ್ಕೆ ನನಗೊಂದು ಕಪ್ ಬಂದಿತ್ತು. ಈಗ ಅದರಲ್ಲಿ ನನ್ನ ಶ್ರೀಮತಿ ಹುಣಸೆಹಣ್ಣು ನೆನೆಹಾಕುತ್ತಾಳೆ.)

ಹಾಗೆಂದೇ ಮಾದಿಹಳ್ಳಿಯ ಯುವಕ ಸಂಘಕ್ಕೆ ಎಪ್ಪತ್ತೊಂದರ ಯುದ್ಧದ ಕುರಿತು ನಾಟಕ ಬರೆದುಕೊಟ್ಟೆ. ವಿಮಾನ ಪತನವಾಗಿ ಮರುಭೂಮಿಯಲ್ಲಿ ಬಿದ್ದ ಒಬ್ಬ ವೈಮಾನಿಕ. ಅವನ ಬಾಯಾರಿಕೆ, ಅವನ ಕಾಯುವಿಕೆ. ಹಾಡಿಲ್ಲ. ಕುಣಿತವಿಲ್ಲ.

ಸಂಘದ ಹಾರ್ಮೋನಿಯಂ ಮೇಷ್ಟ್ರು ರಂಗಪ್ಪನವರು ಓದಿ ಮುಗಿಸಿ ಕನ್ನಡಕ ತೆಗೆದರು.

"ಹಾಡೇ ಇಲ್ವಲ್ಲ ಸಾರ್. ಜನ ಅರ್ಧಕ್ಕೇ ಎದ್ದು ಮನೆಗೆ ಹೋಯ್ತಾರೆ."

"ಹೋಗುವುದಿಲ್ಲ."

"ಹೋದ್ರೆ?"

"ಹೋದರೆ ಮುಂದಿನ ವರ್ಷದಿಂದ ನಿಮ್ಮ ಪೌರಾಣಿಕವೇ ಆಗಲಿ, ನಾನು ತುಟಿ ಬಿಚ್ಚುವುದಿಲ್ಲ. ಹೋಗದಿದ್ದರೆ ನನ್ನ ನಾಟಕವೇ ಮುಂದುವರಿಯಬೇಕು."

ಸಂಘದವರೆಲ್ಲ ಸಾಕ್ಷಿ. ಮಾದಿಹಳ್ಳಿಯ ರಂಗಭೂಮಿಯ ಭವಿಷ್ಯವೇ ಪಣಕ್ಕೆ ಬಿತ್ತು.

ಇನ್ನು ಉಡುಪಿನ ಪ್ರಶ್ನೆ. ವಿಮಾನ ಬಿದ್ದರೂ ಜೀವ ಉಳಿಯಲೆಂದು ವೈಮಾನಿಕರು ಸಮವಸ್ತ್ರದ ಮೇಲೆ ತೋಳಿಲ್ಲದ ಒಂದು ಕೋಟು ತೊಡುತ್ತಾರೆ. ಮೈತುಂಬ ಜೇಬು. ಜೇಬಿನಲ್ಲಿ ಕನ್ನಡಿ, ವಿಷಲ್, ದಿಕ್ಸೂಚಿ, ಗಾಯದ ಪಟ್ಟಿ, ಮೀನು ಹಿಡಿಯುವ ಗಾಳ. ಇದನ್ನೆಲ್ಲ ಅರಸೀಕೆರೆಯ ಲೈಬ್ರರಿಯ ಹಳೆಯ ಮ್ಯಾಗಜೀನ್ ಒಂದರಲ್ಲಿ ಓದಿಕೊಂಡೆ. ಆದರೆ ಅಂಥ ಕೋಟು ಬಾಡಿಗೆ ಅಂಗಡಿಯಲ್ಲಿ ಸಿಗುತ್ತದೆಯೆ? ಅವರು ಕೊಡುವುದು ಚಮಕಿ ಹೊಲಿದ ಎದೆಗವಚ.

ಅರೇಹಳ್ಳಿ ಕಡೆಯ ಪ್ಲಾಂಟರ್ ಪುಟ್ಟೇಗೌಡರಿಗೆ ಸೈನ್ಯದ ಹಳೆಯ ಸಾಮಾನು ಕೂಡಿಡುವ ಹುಚ್ಚಿದೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ಗೌಡರು ಹಾಸನಕ್ಕೆ ಹೋಗಿದ್ದರು. ತೋಟದ ಲೆಕ್ಕ ಬರೆಯುವ ರೈಟರು ಟ್ರಂಕು ತೆರೆದು, "ಯಾವ್ದು ಬೇಕೋ ನೋಡ್ಕಳಿ ಸಾರ್" ಎಂದು ಕೆಲಸಕ್ಕೆ ಹೋದರು.

ಒಳಗೆ ಮೂರು ಕೋಟುಗಳಿದ್ದವು. ನಾನು ತೀರ್ಪುಗಾರನಂತೆ ಕುಳಿತೆ.

ಮೊದಲನೆಯದು ಹಳದಿ, ರಬ್ಬರಿನದು; ಊದಿದರೆ ಉಬ್ಬುವಂಥದ್ದು. ಇದು ಎಪ್ಪತ್ತೊಂದಕ್ಕೂ ಹಿಂದಿನ ಮಹಾಯುದ್ಧದ್ದು, ಸಮುದ್ರಕ್ಕೆ ಬೀಳುವವರದ್ದು. ತಿರಸ್ಕೃತ. ಎರಡನೆಯದು ಬಲೆಬಲೆಯಾಗಿತ್ತು. ಮೀನುಗಾರರ ಬಲೆಯನ್ನೇ ಕತ್ತರಿಸಿ ಹೊಲಿದಂತಿತ್ತು. ದೇಶ ಕಾಯುವ ವೀರ ಇದನ್ನು ತೊಡುತ್ತಾನೆಯೆ? ತಿರಸ್ಕೃತ. ಮೂರನೆಯದು ಹಸಿರು. ಗಟ್ಟಿ ಬಟ್ಟೆ, ಹಿತ್ತಾಳೆಯ ಜಿಪ್ಪು, ಎಲ್ಲೆಂದರಲ್ಲಿ ಜೇಬು. ಒಂದು ಜೇಬಿಗೆ ಕೈ ಹಾಕಿದೆ. ಬೆರಳಿಗೆ ಚುಚ್ಚಿತು. ಗಾಳ!

ಮ್ಯಾಗಜೀನ್ ಹೇಳಿದ ಗಾಳವೇ. ಪ್ರತ್ಯಕ್ಷಕ್ಕಿಂತ ಮಿಗಿಲಾದ ಪ್ರಮಾಣವುಂಟೆ?

ವೈಮಾನಿಕನ ಪಾತ್ರ ಜವರಣ್ಣನದು. ಮಾದಿಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಇಷ್ಟು ವರ್ಷ ರಾಜನನ್ನು ಬಿಟ್ಟು ಬೇರೆ ಪಾತ್ರ ಮಾಡಿದವರಲ್ಲ. ಕೋಟು ತೊಡಿಸಿದೆ. ಮೂಗು ಮುಚ್ಚಿಕೊಂಡರು.

"ಮೀನು ವಾಸ್ನೆ ಹೊಡೀತೈತಲ್ಲ ಸಾರ್!"

"ಸಮುದ್ರದ ಮೇಲೆ ಹಾರಿ ಬಂದಿರಬೇಕು."

"ಅಷ್ಟು ಮ್ಯಾಲಿಂದ್ಲಾ?"

ಉತ್ತಮ ವಾಗ್ಮಿ ಅಪ್ರಸ್ತುತ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಗಿರಣಿಯ ಬೆಕ್ಕು ಅಂದಿನಿಂದ ಜವರಣ್ಣನ ಹಿಂದೆಯೇ ತಿರುಗತೊಡಗಿತು. ಅದಕ್ಕೂ ನಾನು ಮಹತ್ವ ಕೊಡಲಿಲ್ಲ.

"ಮರುಭೂಮೀಲಿ ಗಾಳ ಯಾಕ್ ಸಾರ್? ತೆಗೆದು ಮಡಗ್ಲಾ?"

"ಮುಟ್ಟಬೇಡಿ. ಅದು ಆ ಕಾಲಕ್ಕೆ ತಕ್ಕದ್ದು."

ಜೊತೆಗೆ ನಾನೇ ಒಂದು ಕನ್ನಡಿ, ಒಂದು ವಿಷಲ್ ಕೊಂಡು ತಂದು ಜೇಬಿಗೆ ಇಳಿಸಿದೆ. ಗಿರಣಿಯ ಹಿಂದಿನ ಬಯಲಿನಲ್ಲಿ ತಾಲೀಮು ಚೆನ್ನಾಗಿಯೇ ನಡೆಯಿತು. ಅಲ್ಲಿ ಪರದೆ ಇರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಶನಿವಾರ ಬಂತು. ಜನ ಚಾಪೆ ಹಾಸಿ ಕುಳಿತರು. ಪುಟ್ಟೇಗೌಡರೂ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ರಂಗಪ್ಪನವರ ಮುಂದೆ ಹಾರ್ಮೋನಿಯಂ ಇತ್ತು. ಹಾಡಿಲ್ಲದ ನಾಟಕಕ್ಕೆ ಅದೇಕೆ? ("ಇರ್ಲಿ ಅಂತ ಸಾರ್" ಎಂದರು.)

ವೈಮಾನಿಕ ಬಿದ್ದ. ತೆವಳಿದ. ನೀರಿಗಾಗಿ ಹಂಬಲಿಸಿದ. ಜನ ಆಕಳಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಚಾಪೆ ಸುತ್ತತೊಡಗಿದ ಸದ್ದು ಕೇಳಿಸಿತು. ರಂಗಪ್ಪನವರು ನನ್ನನ್ನು ನೋಡಿ ನಕ್ಕರು.

ಜವರಣ್ಣ ಕನ್ನಡಿ ತೆಗೆದರು. ಬಿಸಿಲನ್ನು ಆಕಾಶಕ್ಕೆ ಹೊಳೆಯಿಸಿ ನಮ್ಮ ವಿಮಾನಗಳಿಗೆ ಸಂಜ್ಞೆ ಮಾಡಬೇಕಿತ್ತು. ಆದರೆ ಬಣ್ಣ ಹಚ್ಚಿದ ನಟನ ಕೈಗೆ ಕನ್ನಡಿ ಬಂದರೆ ಏನಾಗುತ್ತದೆ? ಮುಖ ನೋಡಿಕೊಂಡರು. ಮೀಸೆ ತಿರುವಿದರು. ಶಿಳ್ಳೆ ಬಿತ್ತು. ಆ ಹುರುಪಿನಲ್ಲಿ ವಿಷಲ್ ತೆಗೆದು ಜೋರಾಗಿ ಊದಿದರು.

"ಹಳೇಬೀಡು, ಹಳೇಬೀಡು! ಹತ್ರಿ ಬ್ಯಾಗ!" ಎಂದು ಜನರ ನಡುವಿನಿಂದ ಯಾರೋ ಬಸ್ ಕಂಡಕ್ಟರನಂತೆ ಕೂಗಿದರು.

ಪರದೆ ದಬಕ್ಕನೆ ಇಳಿಯಿತು.

ನಮ್ಮ ನಾಟಕಗಳಲ್ಲಿ ಒಂದು ವಿಷಲ್ ಊದಿದರೆ ಪರದೆ ಇಳಿಸಬೇಕು, ಮತ್ತೊಂದಕ್ಕೆ ಸೀನರಿ ಬದಲಿಸಿ ಏರಿಸಬೇಕು. ಪರದೆಯ ನಿಂಗಣ್ಣ ಹುಟ್ಟಿದಾಗಿನಿಂದ ಹಗ್ಗ ಎಳೆದವರು. ಯಾರು ಊದಿದರು, ಏಕೆ ಊದಿದರು ಎಂದು ಕೇಳುವ ಅಭ್ಯಾಸ ಅವರಿಗಿಲ್ಲ.

"ಪರದೆ ಎತ್ಲಾ ನಿಂಗ!" ಎಂದು ಜವರಣ್ಣ ಒಳಗಿಂದ ಗದರಿದ್ದು ಜನರಿಗೂ ಕೇಳಿಸಿತು.

"ವಿಷಲ್ ಊದ್ಲಾ, ಎತ್ತೀನಿ!"

ಜವರಣ್ಣ ಊದಿದರು. ಪರದೆ ಎದ್ದಿತು. ಹಿಂದೆ, ಅರಸೀಕೆರೆಯಿಂದ ಪರದೆಯ ಜೊತೆಗೇ ಬಾಡಿಗೆಗೆ ಬಂದಿದ್ದ ದರ್ಬಾರು ಸೀನರಿ ಸುರುಳಿ ಬಿಚ್ಚಿ ನಿಂತಿತ್ತು. ಚಿನ್ನದ ಕಂಬಗಳು. ನವಿಲು. ಸಿಂಹಾಸನ. ನಡುವೆ ಹಸಿರು ಕೋಟಿನ ವೈಮಾನಿಕ.

ಜವರಣ್ಣ ತಿರುಗಿ ನೋಡಿದರು. ಅವರ ಎದೆ ತಾನಾಗಿಯೇ ಉಬ್ಬಿತು. ಒಂದು ಕಾಲು ಮುಂದೆ ಬಂತು. ರಂಗಪ್ಪನವರು ಕಾದಿದ್ದವರಂತೆ ಶ್ರುತಿ ಕೊಟ್ಟರು. ನಮ್ಮ ವೈಮಾನಿಕ, ಬಾಯಾರಿ ಸಾಯುತ್ತಿದ್ದವನು, ರಾಜನ ಪ್ರವೇಶದ ಹಾಡನ್ನು ತಾರಸ್ಥಾಯಿಯಲ್ಲಿ ಎತ್ತಿಕೊಂಡ. ಅವನನ್ನು ರಕ್ಷಿಸಲು ಬಂದ ಇಬ್ಬರು ಸೈನಿಕರು ದರ್ಬಾರು ನೋಡಿ ಬೆಚ್ಚಿ, ಆಚೀಚೆ ದ್ವಾರಪಾಲಕರಾಗಿ ನಿಂತರು. ಒಬ್ಬನಂತೂ ಅಭ್ಯಾಸಬಲದಿಂದ "ಬಹುಪರಾಕ್" ಎಂದ.

"ಒನ್ಸ್ ಮೋರ್!"

ಸುತ್ತಿದ ಚಾಪೆ ಮತ್ತೆ ಬಿಚ್ಚಿಕೊಂಡಿತು. ಒಬ್ಬರೂ ಏಳಲಿಲ್ಲ.

ಮುಗಿದ ಮೇಲೆ ರಂಗಪ್ಪನವರು ಕೈ ಮುಗಿದರು. "ಗೆದ್ರಿ ಸಾರ್. ಮುಂದಿನ ವರ್ಸಾನೂ ನಿಮ್ದೇ ನಾಟ್ಕ. ಆದ್ರೆ ಆ ದರ್ಬಾರು ಸೀನು ಮಾತ್ರ ತೆಗೀಬ್ಯಾಡಿ, ಅದೇ ಜೀವ."

ಗೆದ್ದವನ ಮುಖ ಹೇಗಿರಬೇಕೆಂದು ನಾನು ಯೋಚಿಸುತ್ತಿರುವಾಗಲೇ ಪುಟ್ಟೇಗೌಡರು ಬಂದು ಜವರಣ್ಣನ ಕೋಟಿನ ಅಂಚು ಹಿಡಿದು ನೋಡಿದರು.

"ಇದ್ಯಾಕ್ರೀ ತಂದ್ರಿ? ಇದು ನಾನು ಹೊಳೇಲಿ ಮೀನು ಹಿಡಿಯೋಕೆ ಹೋಗುವಾಗ ಹಾಕ್ಕೊಳ್ಳೋ ಕೋಟು. ಬೇಲೂರು ದರ್ಜಿ ಹೊಲಿದಿದ್ದು."

"ಹಾಗಾದರೆ ವೈಮಾನಿಕರದ್ದು?"

"ಬಲೆಬಲೆಯಾಗಿ ಒಂದು ಇತ್ತಲ್ಲ, ಅದು. ಗಾಳಿಯಾಡ್ಲಿ ಅಂತ ಹಾಗೆ ಮಾಡ್ತಾರೆ ಕಣ್ರೀ. ಯಾಕೆ, ಟ್ರಂಕಲ್ಲಿ ಕಾಣಿಸ್ಲಿಲ್ವಾ?"

ಮಾನ್ಯ ಓದುಗರೇ, ಮೀನು ಹಿಡಿಯುವ ಕೋಟು ತೊಟ್ಟು, ದರ್ಬಾರಿನಲ್ಲಿ ನಿಂತು, ರಾಜನ ಹಾಡು ಹಾಡಿದವನನ್ನು ಮಾದಿಹಳ್ಳಿಯ ಜನ ಕೊನೆಯವರೆಗೂ ಕೂತು ನೋಡಿದರು. ಆದರೆ ಅವನನ್ನು ವೈಮಾನಿಕನೆಂದು ನಂಬಿದವರು, ನನ್ನನ್ನು ಬಿಟ್ಟರೆ, ಇನ್ನು ಯಾರಾದರೂ ಇದ್ದರೇ?